ಹದಿನಾಲ್ಕನೇ ಪ್ರಶ್ನೆ

"ಕಳೆದ 12 ತಿಂಗಳಲ್ಲಿ ನಿಮ್ಮ ಕುಟುಂಬದವರು ಯಾರಾದರೂ ವಲಸೆ ಹೋಗಿದ್ದಾರೆಯೇ? ಹೌದು / ಇಲ್ಲ."

ಇದು ನಮ್ಮ ಫಾರ್ಮಿನ ಹದಿನಾಲ್ಕನೇ ಪ್ರಶ್ನೆ. ಇಂಗ್ಲಿಷಿನಲ್ಲಿದ್ದ ಆ ಫಾರ್ಮನ್ನು ಕನ್ನಡಕ್ಕೆ ತಂದವನು ನಾನೇ, ಹಾಗಾಗಿ ಮುಂದೆ ಹೇಳುವ ಎಡವಟ್ಟಿನಲ್ಲಿ ದೊಡ್ಡ ಪಾಲು ನನ್ನದೇ. ಆಗ ಧಾರವಾಡದಲ್ಲಿ ಸಮಾಜಶಾಸ್ತ್ರದ ಎಂ.ಎ. ಮುಗಿಸಿ ಮನೆಯಲ್ಲಿ ಸುಮ್ನೆ ಕೂತಿದ್ದೆ. ಹೊರದೇಶದ ಒಂದು ವಿಶ್ವವಿದ್ಯಾಲಯದಿಂದ ಬಂದ ಸಂಶೋಧಕಿಯೊಬ್ಬರಿಗೆ ಮುಂಡಗೋಡ ಕಡೆಯ ಮಾತು ಬರುವ, ಬೈಕ್ ಓಡಿಸುವ, ಕರೆದಾಗ ಬರುವ ಒಬ್ಬ ಹುಡುಗ ಬೇಕಾಗಿದ್ದ. ಮುಂಡಗೋಡ ತಾಲೂಕಿನವನು ನಾನು. ಬೈಕ್ ಅಪ್ಪನದು. ಕರೆದಾಗ ಹೋಗದಿರಲು ನನಗೆ ಬೇರೆ ಕೆಲಸವೇ ಇರಲಿಲ್ಲ.

ಮೇಡಂ ಬಂದದ್ದು ಟಿಬೆಟಿಯನ್ ಕ್ಯಾಂಪಿನ ಮೇಲೆ ಅಧ್ಯಯನ ಮಾಡೋಕೆ. ಟಿಬೆಟನ್ ಭಾಷೆ ಅವರಿಗೆ ಚೆನ್ನಾಗಿ ಬರುತ್ತಿತ್ತು, ಕನ್ನಡ ಒಂದಕ್ಷರವೂ ಬರುತ್ತಿರಲಿಲ್ಲ. ಮುಂಡಗೋಡಿನ ಕ್ಯಾಂಪಿನೊಳಗೆ ವಿದೇಶಿಯರು ಉಳಿಯಬೇಕೆಂದರೆ ಮೊದಲೇ ವಿಶೇಷ ಪರ್ಮಿಟ್ ತೆಗೆದುಕೊಂಡಿರಬೇಕು. ಅದು ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಶ್ರಾವಣ ಬಂತು, ಪರ್ಮಿಟ್ ಬರಲಿಲ್ಲ. ಊರಿನ ಲಾಡ್ಜಿನಲ್ಲಿ ಕೂತು ಕೂತು ಮೇಡಂಗೆ ಬೇಜಾರಾಗಿ, ಅಲ್ಲಿವರೆಗೆ ಕ್ಯಾಂಪಿನ ಸುತ್ತಲಿನ ತಾಂಡಾ, ಹಳ್ಳಿಗಳನ್ನು ಮುಗಿಸೋಣ ಅಂದರು. ಅವರ ಲೆಕ್ಕದಲ್ಲಿ ಸುತ್ತಲಿನ ಜನ 'ಕಂಟ್ರೋಲ್ ಗ್ರೂಪ್'. ಅಂದರೆ, ವಲಸೆ ಬಂದ ಟಿಬೆಟಿಯನ್ನರು ಒಂದು ಕಡೆ, ಎಲ್ಲಿಗೂ ಹೋಗದೆ ಇದ್ದಲ್ಲೇ ಇರುವ ಸ್ಥಳೀಯರು ಇನ್ನೊಂದು ಕಡೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಕಾಗದದ ಮೇಲೆ ಬಹಳ ಚೆಂದ ಇತ್ತು.

ಮೊದಲ ದಿನವೇ ಒಂದು ಲಂಬಾಣಿ ತಾಂಡಾಕ್ಕೆ ಹೋದೆವು. ಜಿಟಿಜಿಟಿ ಮಳೆ. ಕಟ್ಟೆಯ ಮೇಲೆ ಒಬ್ಬರು ಹೆಣ್ಣುಮಗಳು ಗೋವಿನಜೋಳದ ತೆನೆ ಸುಲಿಯುತ್ತಾ ಕೂತಿದ್ದರು, ಮೂವತ್ತೈದರ ಆಸುಪಾಸು. ಒಂದರಿಂದ ಹದಿಮೂರರವರೆಗೆ ಸಲೀಸಾಗಿ ಹೋಯಿತು. ಹದಿನಾಲ್ಕಕ್ಕೆ ಬಂದು ಕೇಳಿದೆ.

"ವಲಸಿ ಅಂದ್ರ? ಅತ್ತಿವೇರಿ ಕೆರಿಗೆ ಹಕ್ಕಿ ಬರ್ತಾವಲ್ಲ, ಅದನ?"

ಅಲ್ಲಕ್ಕಾ, ಮನುಷ್ಯರು ಹೋಗೋದು ಅಂದೆ.

"ನಾವ್ಯಾಕ ಹೋಗೂಣು ತಮ್ಮಾ. ನಮ್ಮನಿ ಇಲ್ಲೇ ಐತಿ."

'ಇಲ್ಲ' ಅನ್ನುವುದಕ್ಕೆ ಗೋಲ ಸುತ್ತಿದೆ. ಮುಂದಿನ ಪ್ರಶ್ನೆಗಳು ಮನೆಯಲ್ಲಿರುವ ಸಾಮಾನಿನ ಬಗ್ಗೆ. ಟಿ.ವಿ. ಇದೆಯಾ, ಮಿಕ್ಸರ್ ಇದೆಯಾ. ಮಿಕ್ಸರ್ ಇದೆ ಅಂದರು, ಯಾವಾಗ ತಗೊಂಡಿರಿ ಅಂದೆ. "ಹೋದ ಸಲ ಗೋವಾದಿಂದ ಬರೂ ಮುಂದ ತಂದೇವಿ." ಗೋವಾಕ್ಕೆ ಯಾಕೆ ಹೋಗಿದ್ರಿ? "ದುಡಿಯಾಕ. ದೀಪಾವಳಿ ಮುಗದ ಮ್ಯಾಲೆ ಹೋಗೂದು, ಮಿರಗ ಕೂಡೂದ್ರಾಗ ಬರೂದು. ವರ್ಷಾ ಹೋಕ್ಕೀವಿ." ಮಿರಗ ಅಂದರೆ ಜೂನಿನ ಮೃಗಶಿರಾ ಮಳೆ. ಮನೆಯವರೆಲ್ಲರೂ? "ಮುದಕಿ ಒಬ್ಬಾಕಿ ಇರತಾಳ."

ನಾನು ಫಾರ್ಮಿನ ಹಾಳೆ ಹಿಂದಕ್ಕೆ ತಿರುಗಿಸಿ, ಅಕ್ಕಾ ಮತ್ತೆ ಅದು ವಲಸೆ ಅಲ್ವಾ ಅಂದೆ. ಅವರು ನನ್ನನ್ನು ಹೇಗೆ ನೋಡಿದರು ಅಂದರೆ, ಓದಿದ ಹುಡುಗ ಪಾಪ, ತಲೆ ಸ್ವಲ್ಪ ಕಡಿಮೆ ಅನ್ನುವ ಹಾಗೆ. "ಅದ್ಯಾಕ ವಲಸಿ ಆಕ್ಕೈತಿ? ದುಡಿಯಾಕ ಹೋಗೂದಪಾ ಅದು."

ಸರಿ, 'ಗುಳೆ' ಅಂತ ಕೇಳೋಣ ಅಂತ ಪಕ್ಕದ ಮನೆಯಲ್ಲಿ ಆ ಶಬ್ದ ಬಳಸಿದೆ. ಪೇಪರಿನವರು ಅದನ್ನೇ ಬರೆಯುತ್ತಾರಲ್ಲ. ಅದು ಇನ್ನೂ ದೊಡ್ಡ ತಪ್ಪಾಯಿತು. ಆ ಮನೆಯ ಯಜಮಾನರಿಗೆ ಸಿಟ್ಟೇ ಬಂತು. ಗುಳೆ ಅಂದರೆ ಬರಗಾಲ ಬಿದ್ದು, ತಿನ್ನೋಕೆ ಗತಿಯಿಲ್ಲದೆ, ಮಕ್ಕಳುಮರಿ ಕಟ್ಟಿಕೊಂಡು ಊರು ಬಿಟ್ಟು ಹೋಗೋದು. ಆ ಶಬ್ದದಲ್ಲಿ ಒಂದು ಅವಮಾನ ಇದೆ. "ನಮಗೇನ್ ಬರಗಾಲ ಬಿದ್ದೈತೇನ್ರಿ? ಮೇಸ್ತ್ರಿ ಮುಂಗಡ ಕೊಟ್ಟು ಕರ್ಕೊಂಡ ಹೋಗತಾನ, ಹೋಗಿ ಬರ್ತೀವಿ." ಅವರೂ ಏಳು ತಿಂಗಳು ಊರಲ್ಲಿ ಇರುವುದಿಲ್ಲ. ಅವರ ಫಾರ್ಮಿನಲ್ಲೂ 'ಇಲ್ಲ'.

ಆ ತಾಂಡಾದಲ್ಲಿ ಹೆಚ್ಚುಕಮ್ಮಿ ಎಲ್ಲ ಮನೆಯವರೂ ವರ್ಷದ ಅರ್ಧಕ್ಕಿಂತ ಜಾಸ್ತಿ ಕಾಲ ಗೋವಾದಲ್ಲೋ, ಮಂಗಳೂರಿನ ಕಡೆಯಲ್ಲೋ, ಕಬ್ಬಿನ ಗದ್ದೆಯಲ್ಲೋ ಇರುವವರು. ಫಾರ್ಮುಗಳ ಪ್ರಕಾರ ಒಬ್ಬರೂ ಎಲ್ಲಿಗೂ ಹೋಗುವುದಿಲ್ಲ. ಕಂಟ್ರೋಲ್ ಗ್ರೂಪಿಗೆ ಹೇಳಿ ಮಾಡಿಸಿದ ಹಾಗಿತ್ತು.

ಹಾಗಾದರೆ ವಲಸಿಗರು ಯಾರು? ಇದನ್ನು ಮನೆಗೆ ಬಂದು ಯೋಚನೆ ಮಾಡಿದೆ, ಉತ್ತರ ಒಲೆ ಮುಂದೆಯೇ ಕೂತಿತ್ತು. ನಮ್ಮ ಅವ್ವ. ನಮ್ಮ ದೇಶದ ಜನಗಣತಿಯಲ್ಲಿ ವಲಸೆ ಅಳೆಯೋಕೆ ಎರಡು ದಾರಿ ಇವೆ. ಒಂದು ಹುಟ್ಟಿದ ಊರು, ಇನ್ನೊಂದು ಹಿಂದೆ ವಾಸ ಮಾಡಿದ್ದ ಊರು. ಈಗಿರುವ ಊರು ಅದಕ್ಕಿಂತ ಬೇರೆ ಇದ್ದರೆ ನೀವು ವಲಸಿಗರು. ಅವ್ವ ಸವಣೂರು ಕಡೆಯ ಹಳ್ಳಿಯವಳು, ಮದುವೆಯಾಗಿ ಮುಂಡಗೋಡ ಕಡೆ ಬಂದಳು. ಬಂದ ದಿನದಿಂದ ವಲಸೆಗಾರ್ತಿ. 2011ರ ಜನಗಣತಿ ಪ್ರಕಾರ ಭಾರತದಲ್ಲಿ ವಲಸಿಗರು ಸುಮಾರು 45.6 ಕೋಟಿ, ಅಂದರೆ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ. ಅವರಲ್ಲಿ ದೊಡ್ಡ ಪಾಲು ನಮ್ಮವ್ವನಂಥವರು. ಕಾರಣದ ಕಾಲಮ್ಮಿನಲ್ಲಿ 'ಮದುವೆ'.

ನಾನೂ ವಲಸಿಗನೇ, ಅದು ಇನ್ನೂ ತಮಾಷೆ. ಚೊಚ್ಚಲ ಬಾಣಂತನ ತವರಿನಲ್ಲಿ ಅಲ್ವಾ. ನಾನು ಹುಟ್ಟಿದ್ದು ಅಜ್ಜಿಯ ಊರಲ್ಲಿ, ಐದು ತಿಂಗಳಿಗೆ ತೊಟ್ಟಿಲ ಸಮೇತ ಅಪ್ಪನ ಊರಿಗೆ ಬಂದೆ. ಜನಗಣತಿಯ ಕಾರಣಗಳ ಪಟ್ಟಿಯಲ್ಲಿ ಇದಕ್ಕೂ ಒಂದು ಜಾಗ ಇದೆ: 'ಹುಟ್ಟಿದ ನಂತರ ಬಂದದ್ದು'. ನನ್ನ ತಮ್ಮ ಹುಟ್ಟಿದ್ದು ನಮ್ಮೂರಿನ ದವಾಖಾನೆಯಲ್ಲಿ, ಅವನು ಮೂಲನಿವಾಸಿ. ಈ ವಿಷಯ ಗೊತ್ತಾದ ಮೇಲೆ ಅವನು ಒಂದು ವಾರ ನನಗೆ 'ಎಲ್ಲಿಂದ ಬಂದೀರಿ ಸಾಹೇಬ್ರ' ಅಂತ ಕಾಡಿದ.

ಹೆಣ್ಣುಮಕ್ಕಳೇ ಜಾಸ್ತಿ ಊರು ಬದಲಿಸುವವರು ಅನ್ನೋದು ಹೊಸ ಮಾತೇನಲ್ಲ. 1885ರಲ್ಲೇ ರಾವೆನ್‌ಸ್ಟೈನ್ ಅನ್ನುವವರು ಬ್ರಿಟನ್ನಿನ ಜನಗಣತಿ ಲೆಕ್ಕ ಹಿಡಿದು ಕೂತು ವಲಸೆಗೆ ನಿಯಮಗಳಿವೆ ಅಂತ ಬರೆದರು. ಜನ ಹೆಚ್ಚಾಗಿ ಹತ್ತಿರದ ಊರಿಗೇ ಹೋಗುತ್ತಾರೆ, ಹತ್ತಿರದ ಓಡಾಟದಲ್ಲಿ ಗಂಡಸರಿಗಿಂತ ಹೆಂಗಸರೇ ಮುಂದು ಅನ್ನುವುದು ಅವರ ಲೆಕ್ಕದಲ್ಲಿ ಕಂಡ ವಿಷಯ. ಅವರೇ ಜರ್ಮನಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆ ನಿಂತವರು. ಇಂದಿಗೂ ವಲಸೆಯ ಪಾಠ ಶುರುವಾಗುವುದು ಅವರಿಂದ. ನಮಗೂ ಧಾರವಾಡದಲ್ಲಿ ಆ ನಿಯಮಗಳನ್ನು ಬಾಯಿಪಾಠ ಮಾಡಿಸಿದ್ದರು. ಪರೀಕ್ಷೆಯಲ್ಲಿ ಬರೆದು ಒಳ್ಳೆ ಮಾರ್ಕ್ಸ್ ತಗೊಂಡವನಿಗೆ, ನಮ್ಮವ್ವ ಆ ನಿಯಮದೊಳಗೆ ಬರುತ್ತಾಳೆ ಅಂತ ಹೊಳೆದಿರಲೇ ಇಲ್ಲ ನೋಡಿ.

ಅಂತೂ ವಿಷಯ ಇಷ್ಟು. ಮೂವತ್ತು ವರ್ಷದಿಂದ ಒಂದೇ ಒಲೆ ಮುಂದೆ ಕೂತ ಅವ್ವ ವಲಸೆಗಾರ್ತಿ. ವರ್ಷಕ್ಕೆ ಏಳು ತಿಂಗಳು ಗೋವಾದ ಕಟ್ಟಡಗಳಲ್ಲಿ ಬುಟ್ಟಿ ಹೊರುವ ತಾಂಡಾದ ಅಕ್ಕ ವಲಸೆಗಾರ್ತಿ ಅಲ್ಲ.

ಇಂಥವರಿಗಾಗಿಯೇ ಬೇರೆ ಲೆಕ್ಕ ಇದೆ ಅಂತ ಓದಿದವರು ಹೇಳುತ್ತಾರೆ. ಇದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 64ನೇ ಸುತ್ತು, 2007–08ರಲ್ಲಿ ಮಾಡಿದ್ದು, ಅಲ್ಪಾವಧಿ ವಲಸಿಗರನ್ನು ಬೇರೆಯಾಗಿ ಕೇಳಿತು. ವರ್ಷದಲ್ಲಿ ಒಂದು ತಿಂಗಳಿಗಿಂತ ಕಡಿಮೆಯಿಲ್ಲ, ಆರು ತಿಂಗಳು ಮುಟ್ಟಬಾರದು, ಕೆಲಸಕ್ಕಾಗಿ ಊರು ಬಿಟ್ಟಿರಬೇಕು. ಈಗ ನಮ್ಮ ತಾಂಡಾದ ಅಕ್ಕನನ್ನು ಇದರಲ್ಲಿ ಕೂರಿಸಿ ನೋಡಿ. ದೀಪಾವಳಿಯಿಂದ ಮಿರಗದವರೆಗೆ ಏಳು ತಿಂಗಳು. ಅಂದರೆ ಅಲ್ಪಾವಧಿ ಅಲ್ಲ, ಗೋವಾದ ನಿವಾಸಿ. ಆದರೆ ಗೋವಾದಲ್ಲಿ ಅವರಿರುವುದು ಕಟ್ಟುತ್ತಿರುವ ಬಿಲ್ಡಿಂಗಿನ ಪಕ್ಕದ ತಗಡಿನ ಶೆಡ್ಡಿನಲ್ಲಿ. ಬಿಲ್ಡಿಂಗ್ ಮುಗಿದರೆ ಶೆಡ್ಡೂ ಮುಗಿಯಿತು. ಆ ಶೆಡ್ಡಿನ ಬಾಗಿಲಿಗೆ ಯಾವ ಮನೆ ನಂಬರೂ ಇರುವುದಿಲ್ಲ, ಯಾವ ಸರ್ವೇಯವರೂ ಬರುವುದಿಲ್ಲ. ಎರಡೂ ಕಡೆಯಿಂದ ಜಾರಿಹೋಗುತ್ತಾರೆ.

2020ರ ಲಾಕ್‌ಡೌನಿನಲ್ಲಿ ರಸ್ತೆ ಮೇಲೆ ನಡೆದು ಹೊರಟವರನ್ನು ನೋಡಿ ಇಷ್ಟೊಂದು ಜನ ಎಲ್ಲಿದ್ದರು ಅಂತ ಎಲ್ಲರೂ ಕೇಳಿದರಲ್ಲ, ಇಲ್ಲೇ ಇದ್ದರು. ಒಂದು ಕೋಟಿ ನಾಲ್ಕು ಲಕ್ಷಕ್ಕೂ ಜಾಸ್ತಿ ಕಾರ್ಮಿಕರು ತಮ್ಮ ರಾಜ್ಯಗಳಿಗೆ ಮರಳಿದರು ಅಂತ ಕೇಂದ್ರ ಸರ್ಕಾರ ಆಮೇಲೆ ಸಂಸತ್ತಿನಲ್ಲಿ ಲೆಕ್ಕ ಕೊಟ್ಟಿತು. ದಾರಿಯಲ್ಲಿ ಸತ್ತವರೆಷ್ಟು ಅಂದಾಗ ಮಾಹಿತಿ ಇಲ್ಲ ಅಂತು. ಆ ಸುದ್ದಿ ಓದುವಾಗ ನನಗೆ ನೆನಪಾದದ್ದು ನಾನು ಗೋಲ ಸುತ್ತಿದ ಆ 'ಇಲ್ಲ'ಗಳು.

ಪರ್ಮಿಟ್ ಕೊನೆಗೂ ಬಂತು. ಗಣಪತಿ ಹಬ್ಬದ ಹೊತ್ತಿಗೆ ಕ್ಯಾಂಪಿನ ಕೆಲಸ ಶುರು ಮಾಡಿದೆವು.

ನಮ್ಮ ಕಡೆ ಅದನ್ನು ಯಾರೂ ಡೋಗುಲಿಂಗ್ ಅಂತ ಕರೆಯುವುದಿಲ್ಲ, ಅದು ಸೆಟಲ್‌ಮೆಂಟಿನ ಟಿಬೆಟನ್ ಹೆಸರು. ನಮಗೆ ಕ್ಯಾಂಪ್ ಅಷ್ಟೆ. ಒಂದನೇ ಕ್ಯಾಂಪ್, ಮೂರನೇ ಕ್ಯಾಂಪ್, ಹೀಗೆ. 1959ರ ಮಾರ್ಚಿನಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದರು, ಹಿಂದೆಯೇ ಸಾವಿರಾರು ಜನ ಬಂದರು. ಆಗಿನ ಮೈಸೂರು ರಾಜ್ಯ ಮೊದಲು ಬೈಲಕುಪ್ಪೆಯಲ್ಲಿ ಜಾಗ ಕೊಟ್ಟಿತು. 1966ರಲ್ಲಿ ಮುಂಡಗೋಡಿನಲ್ಲಿ ಸುಮಾರು 4,000 ಎಕರೆ ಕಾಡು. ಆಮೇಲೆ ಹುಣಸೂರು, ಕೊಳ್ಳೇಗಾಲ. ಬಂಗಾಳದ ಬಕ್ಸಾ ಅನ್ನುವಲ್ಲಿ ಬ್ರಿಟಿಷರ ಕಾಲದ ಜೈಲಿನಲ್ಲಿ ಹತ್ತು ವರ್ಷ ಇದ್ದ ಭಿಕ್ಷುಗಳು ಇಲ್ಲಿಗೆ ಬಂದು ಡ್ರೆಪುಂಗ್, ಗಾದೆನ್ ಮಠಗಳನ್ನು ಮತ್ತೆ ಕಟ್ಟಿದರು. ಹಿಮದ ನಾಡಿನವರು ನಮ್ಮ ಏಪ್ರಿಲ್ ಬಿಸಿಲನ್ನು ಹೇಗೆ ತಡೆದರೋ. ನಮ್ಮಜ್ಜ ಹೇಳುತ್ತಿದ್ದ, ಮೊದಲ ವರ್ಷ ಅವರು ದಪ್ಪ ಉಣ್ಣೆಯ ಅಂಗಿ ಹಾಕಿಕೊಂಡೇ ಮರ ಕಡಿಯುತ್ತಿದ್ದರಂತೆ, ಹಾಕೋಕೆ ಬೇರೆ ಏನೂ ಇರಲಿಲ್ಲವಂತೆ.

ಕ್ಯಾಂಪಿನ ಮೇಲೆ ಆದಷ್ಟು ಅಧ್ಯಯನ ನಮ್ಮ ತಾಲೂಕಿನ ಬೇರೆ ಯಾವ ಊರಿನ ಮೇಲೂ ಆಗಿಲ್ಲ ಅಂತ ನನ್ನ ಅನಿಸಿಕೆ. ಟಿ.ಸಿ. ಪಾಲಾಕ್ಷಪ್ಪ ಅವರ ಮುಂಡಗೋಡಿನ ಅಧ್ಯಯನ 1978ರಲ್ಲೇ ಪುಸ್ತಕವಾಗಿ ಬಂದಿದೆ. ಅಮೆರಿಕದ ಮೆಲ್ವಿನ್ ಗೋಲ್ಡ್‌ಸ್ಟೈನ್ ದಕ್ಷಿಣ ಭಾರತದ ಟಿಬೆಟಿಯನ್ನರ ಬಗ್ಗೆ 1970ರ ದಶಕದಲ್ಲೇ ಬರೆದರು. ಅವರ ವಾದ ಏನೆಂದರೆ, ಭಾರತ ಸರ್ಕಾರ ಇವರ ಒಳಗಿನ ಕಾರುಬಾರನ್ನು ಇವರಿಗೇ ಬಿಟ್ಟುಕೊಟ್ಟಿತು, ಹಾಗಾಗಿ ಸುತ್ತಲಿನವರ ಜತೆ ಕರಗಿಹೋಗದೆ ಟಿಬೆಟಿಯನ್ನರಾಗಿಯೇ ಉಳಿಯೋಕೆ ಆಯಿತು ಅಂತ. ಒಪ್ಪುವ ಮಾತು. ನಮ್ಮ ತಾಂಡಾದ ಒಳ ಕಾರುಬಾರನ್ನು ಯಾರು ಯಾರಿಗೆ ಬಿಟ್ಟುಕೊಟ್ಟರು ಅನ್ನುವುದರ ಬಗ್ಗೆ ಮಾತ್ರ ಯಾರೂ ಬರೆದದ್ದನ್ನು ನಾನು ಓದಿಲ್ಲ.

ಇಷ್ಟೆಲ್ಲ ಅಧ್ಯಯನ ಆಗಿ ಆಗಿ ಕ್ಯಾಂಪಿನವರಿಗೆ ಫಾರ್ಮು ಅಂದರೆ ಅಭ್ಯಾಸ. ಮೂರನೇ ಕ್ಯಾಂಪಿನಲ್ಲಿ ಒಬ್ಬ ಅಜ್ಜನ ಮನೆಗೆ ಹೋದೆವು. ಹಿರಿಯರನ್ನು ಅಲ್ಲಿ ಪಾಲಾ ಅಂತಾರೆ. ಕೈಯಲ್ಲಿ ಜಪಮಾಲೆ, ತಲೆ ಮೇಲೆ ಕ್ರಿಕೆಟ್ ಟೋಪಿ. ಮೇಡಂ ಟಿಬೆಟನ್ನಿನಲ್ಲಿ ಶುರು ಮಾಡಿದರು, ಅಜ್ಜ ಮಾತ್ರ ನನ್ನ ಕಡೆ ತಿರುಗಿ, "ಬರ್ರಿ, ಕುಂದರ್ರಿ, ಯಾವೂರು?" ಅಂದ. ಹೇಳಿದೆ. ನಮ್ಮ ಊರಿನ ಮೂರು ಮನೆಯವರ ಹೆಸರು ಅವನೇ ಹೇಳಿದ. ಅವರ ಎತ್ತಿನ ಗಾಡಿಯಲ್ಲೇ ಒಂದು ಕಾಲಕ್ಕೆ ಅವನ ಗೋವಿನಜೋಳ ಪೇಟೆಗೆ ಹೋಗುತ್ತಿತ್ತಂತೆ.

ಅಜ್ಜನಿಗೆ ಪ್ರಶ್ನೆಗಳು ಮೊದಲೇ ಗೊತ್ತಿದ್ದವು. ಹಿಮಾಚಲದಲ್ಲಿ ಅಪ್ಪ ಅವ್ವನ ಜತೆ ರಸ್ತೆ ಕೆಲಸದಲ್ಲಿ ಕಲ್ಲು ಒಡೆದದ್ದು, ರೈಲಿನಲ್ಲಿ ದಿನಗಟ್ಟಲೆ ಬಂದದ್ದು, ಹುಬ್ಬಳ್ಳಿಯಲ್ಲಿ ಇಳಿದಾಗ ತಂಗಿಗೆ ಜ್ವರ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಬರೆದುಕೊಳ್ಳೋಕೆ ಟೈಮ್ ಕೊಡಬೇಕು ಅನ್ನುವುದೂ ಅವನಿಗೆ ಗೊತ್ತು. ತಂಗಿಯ ಹತ್ತಿರ ಬಂದಾಗ ಮಾತು ನಿಂತಿತು. ಮೇಡಂ ಪೆನ್ನು ಎತ್ತಿದರು. ಅಜ್ಜ ಎದ್ದು ಒಳಗೆ ಹೋಗಿ ಚಹಾ ತಂದ, ಉಪ್ಪು ಬೆಣ್ಣೆಯದಲ್ಲ, ನಮ್ಮ ಸಕ್ಕರೆ ಚಹಾ. ಆಮೇಲೆ ತಂಗಿಯ ಮಾತು ಬರಲೇ ಇಲ್ಲ. ಅದು ಯಾರ ಫಾರ್ಮಿನಲ್ಲೂ ಇರಲಾರದು.

ಟಿಬೆಟ್‌ಗೆ ಮರಳಿ ಹೋಗುವಿರಾ ಅನ್ನುವ ಪ್ರಶ್ನೆಗೆ ಅಜ್ಜ ಹೇಳಿದ್ದು, "ಹಿಂದ ಬಂದವ್ರಿಗೆ ಹೌದು ಅಂದೇನಿ. ಅದನ್ನ ಬರಕೋರಿ." ನನ್ನ ಫಾರ್ಮಿನ ತಲೆಬರಹ 'ನಿರಾಶ್ರಿತರ ಕುಟುಂಬ' ಅಂತ ಇತ್ತು. ಅದನ್ನು ಬೆರಳಿಟ್ಟು ತೋರಿಸಿ ಏನದು ಅಂತ ಕೇಳಿದ. ಆಶ್ರಯ ಇಲ್ಲದವರು ಅಂತ ಹೇಳಿದೆ, ಹೇಳುವಾಗಲೇ ನಾಚಿಕೆಯಾಯಿತು. ಅವನು ಮೇಲೆ ಹಂಚು ನೋಡಿ, ಗೋಡೆ ನೋಡಿ, ಹಿತ್ತಲಲ್ಲಿದ್ದ ಎರಡು ಮಾವಿನ ಮರ ನೋಡಿ, "ಇದೇನ್ ಮತ್ತ?" ಅಂದ. ನಮಗೆ ಇಂಗ್ಲಿಷಿನ ಶಬ್ದಕ್ಕೆ ಕನ್ನಡದಲ್ಲಿ ಅಷ್ಟೇ ಸಿಕ್ಕಿದ್ದು ಅಂದೆ. ಅದಕ್ಕೆ ಅಜ್ಜ ತಲೆದಿಂಬಿನ ಕೆಳಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದ. ಒಳಗೆ ಅವನ ಆರ್.ಸಿ., ಅಂದರೆ ವಿದೇಶಿಯ ಅಂತ ನೋಂದಣಿಯಾದ ಪುಸ್ತಕ, ಅವಧಿ ಮುಗಿದಾಗಲೆಲ್ಲ ನವೀಕರಿಸಬೇಕು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹಾಗಾಗಿ ಆ ಪುಸ್ತಕದ ಪ್ರಕಾರ ಅಜ್ಜ ವಿದೇಶಿ, ನಮ್ಮ ಫಾರ್ಮಿನ ಪ್ರಕಾರ ನಿರಾಶ್ರಿತ, ಸಂತೆಯಲ್ಲಿ ಸಿಕ್ಕವರಿಗೆ ಮೂರನೇ ಕ್ಯಾಂಪಿನ ಅಜ್ಜ. ಅವನ ಮಗಳು 1970ರ ದಶಕದಲ್ಲಿ ಇಲ್ಲೇ ಹುಟ್ಟಿದವಳು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪ್ರಜೆಗಳು ಅಂತ ಕಾನೂನಿದೆ, ಅದು ಟಿಬೆಟಿಯನ್ನರಿಗೂ ಸಲ್ಲುತ್ತದೆ ಅಂತ 2010ರಲ್ಲಿ ದೆಹಲಿ ಹೈಕೋರ್ಟ್ ಹೇಳಿತ್ತು. ಒಂದೇ ಮನೆಯಲ್ಲಿ ಅಪ್ಪ ವಿದೇಶಿ, ಮಗಳು ಬೇಕೆಂದರೆ ಸ್ವದೇಶಿ. ಮಗಳು ಇನ್ನೂ ಮನಸ್ಸು ಮಾಡಿರಲಿಲ್ಲ.

ಅಜ್ಜನಿಗೂ ಹದಿನಾಲ್ಕನೇ ಪ್ರಶ್ನೆ ಕೇಳಬೇಕಲ್ಲ, ಕೇಳಿದೆ. ಇಲ್ಲ ಅಂದ. ಎಂಟು ದಿನ ಬಿಟ್ಟು ಇನ್ನೇನೋ ಕೇಳೋಕೆ ಹೋದರೆ ಮಗಳು, ಅಳಿಯ ಗಂಟು ಕಟ್ಟುತ್ತಿದ್ದರು. ಸ್ವೆಟರ್ ಸೀಸನ್. ಲೂಧಿಯಾನದಿಂದ ಮಾಲು ತಂದು, ಚಳಿಗಾಲದ ಮೂರು ನಾಲ್ಕು ತಿಂಗಳು ಯಾವುದಾದರೂ ಊರಿನ ಫುಟ್‌ಪಾತಿನಲ್ಲೋ ಮೈದಾನದಲ್ಲೋ ಸಾಲಾಗಿ ಅಂಗಡಿ ಹಾಕುತ್ತಾರಲ್ಲ, ನಾವೆಲ್ಲ ಚೌಕಾಸಿ ಮಾಡಿ ಸ್ವೆಟರ್ ತಂದಿದ್ದೇವಲ್ಲ, ಅದೇ. ಸಮೀಕ್ಷೆಯ ನಿಯಮ ಅಳತೆ ಪಟ್ಟಿಯ ಹಾಗೆ ಕೂರುವುದು ಇವರಿಗೇ: ಒಂದು ತಿಂಗಳಿಗಿಂತ ಜಾಸ್ತಿ, ಆರಕ್ಕಿಂತ ಕಡಿಮೆ, ಕೆಲಸಕ್ಕಾಗಿ. ಯಾಕೆ ಪಾಲಾ, ಇಲ್ಲ ಅಂದಿದ್ರಲ್ಲ ಅಂದೆ. "ಅದು ಬಿಜಿನೆಸ್," ಅಂದ.

ತಾಂಡಾದ ಅಕ್ಕನಿಗೆ ಅದು ದುಡಿಮೆ, ಅಜ್ಜನ ಮನೆಯವರಿಗೆ ಬಿಜಿನೆಸ್. ಒಂದೇ ದೀಪಾವಳಿಯ ಅಕ್ಕಪಕ್ಕದಲ್ಲಿ, ಹತ್ತಾರು ಕಿಲೋಮೀಟರ್ ದೂರದಲ್ಲಿ ಎರಡೂ ಮನೆಯವರು ಗಂಟು ಕಟ್ಟಿ ಹುಬ್ಬಳ್ಳಿ ಬಸ್ ಹತ್ತುತ್ತಾರೆ. ಅಕ್ಕನ ಮಾವ ಅಜ್ಜನ ಹೊಲದಲ್ಲಿ ಕೂಲಿ ಮಾಡಿದವನು ಅಂತ ಆಮೇಲೆ ಗೊತ್ತಾಯಿತು. ಕ್ಯಾಂಪಿನ ಹುಡುಗರು ಬೆಂಗಳೂರು, ಕೆನಡಾ, ಫ್ರಾನ್ಸ್ ಅಂತ ಹೋದ ಮೇಲೆ ಎಷ್ಟೋ ಹೊಲಗಳನ್ನು ಈಗ ನಮ್ಮ ಊರುಗಳವರೇ ಲಾವಣಿಗೆ, ಅಂದರೆ ಗುತ್ತಿಗೆಗೆ, ಹಾಕಿಕೊಂಡು ಮಾಡುತ್ತಿದ್ದಾರೆ. ಇವೆಲ್ಲ ಒಂದೇ ಹೆಣಿಗೆ, ನಮ್ಮ ಅಧ್ಯಯನ ಅದನ್ನು ನಡುವೆ ಕತ್ತರಿಸಿ ಒಂದಕ್ಕೆ ಹೆಸರು ಕೊಟ್ಟು ಇನ್ನೊಂದನ್ನು ಕಂಟ್ರೋಲ್ ಅಂದಿತ್ತು.

ಇದನ್ನು ಮೇಡಂಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಬದಲಿಗೆ ಒಬ್ಬರ ಕಥೆ ಹೇಳಿದರು. ಬಾರ್ಬರಾ ಹ್ಯಾರೆಲ್-ಬಾಂಡ್ ಅಂತ, 1982ರಲ್ಲಿ ಆಕ್ಸ್‌ಫರ್ಡಿನಲ್ಲಿ ನಿರಾಶ್ರಿತರ ಅಧ್ಯಯನಕ್ಕೆ ಅಂತಲೇ ಒಂದು ಕೇಂದ್ರ ಶುರು ಮಾಡಿದವರು. ಉಗಾಂಡಾದಿಂದ ಓಡಿ ದಕ್ಷಿಣ ಸುಡಾನಿಗೆ ಬಂದವರ ನಡುವೆ ಕೆಲಸ ಮಾಡುವಾಗ ಅವರು ಕ್ಯಾಂಪ್ ಬಿಟ್ಟು ಹಳ್ಳಿಗಳಿಗೂ ಹೋದರು. ನೋಡಿದರೆ ಎಷ್ಟೋ ನಿರಾಶ್ರಿತರು ಕ್ಯಾಂಪಿಗೆ ಬಂದೇ ಇರಲಿಲ್ಲ, ಅಲ್ಲಿನ ಜನರ ನಡುವೆ ತಾವೇ ಗುಡಿಸಲು ಹಾಕಿಕೊಂಡಿದ್ದರು. ನೆರವಿನ ಲಾರಿ ಕ್ಯಾಂಪಿಗೆ ಹೋಗುತ್ತಿತ್ತು, ಲೆಕ್ಕವೂ ಕ್ಯಾಂಪಿನದೇ. ಆಮೇಲೆ ಲೀಸಾ ಮಾಲ್ಕಿ ಅನ್ನುವ ಮಾನವಶಾಸ್ತ್ರಜ್ಞೆ 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬುರುಂಡಿಯಿಂದ 1972ರಲ್ಲಿ ಓಡಿಬಂದ ಹುಟು ಜನರಲ್ಲಿ ಮಿಶಾಮೋ ಕ್ಯಾಂಪಿನಲ್ಲಿ ಇದ್ದವರು ನಾವು ಹುಟುಗಳು, ನಮ್ಮ ದೇಶ ಅದು, ಒಂದು ದಿನ ಹೋಗುತ್ತೇವೆ ಅಂತ ದಿನವೂ ಕಥೆ ಕಟ್ಟುತ್ತಿದ್ದರು. ಅದೇ ಜನ ಕಿಗೋಮಾ ಪೇಟೆಯಲ್ಲಿ ಇದ್ದರೆ ಯಾರಿಗೂ ಗೊತ್ತಾಗದ ಹಾಗೆ ಊರೊಳಗೆ ಬೆರೆತುಬಿಟ್ಟಿದ್ದರು, ಕೇಳಿದವರಿಗೆ ಕೇಳಿದ ಹಾಗೆ ಉತ್ತರ. ಅಂದರೆ ನಿರಾಶ್ರಿತ ಅನ್ನುವುದು ಓಡಿಬಂದವರ ಮೈಮೇಲೆ ಇರುವ ಗುರುತಲ್ಲ, ಅದರಲ್ಲಿ ಕ್ಯಾಂಪಿನ ಬೇಲಿಯ ಕೆಲಸವೂ ಇದೆ.

ಕೇಳಿ ಖುಷಿಯಾಯಿತು. ಆದರೆ ಇದೆಲ್ಲ ಗೊತ್ತಿದ್ದವರು ನಮ್ಮ ತಾಂಡಾವನ್ನು ಯಾಕೆ ಕಂಟ್ರೋಲ್ ಗ್ರೂಪ್ ಅಂದರು ಅಂತ ನಾನು ಕೇಳಿಯೇಬಿಟ್ಟೆ. ಪ್ರಾಜೆಕ್ಟಿಗೆ ದುಡ್ಡು ಬಂದಿರುವುದು ನಿರಾಶ್ರಿತರ ಹೆಸರಿನಲ್ಲಿ ಅಂದರು. ಪ್ರಾಮಾಣಿಕ ಉತ್ತರ, ಅದನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ಸಂಶೋಧನೆಯಲ್ಲೂ ಒಂಥರಾ ಪೇಟೆ ಇದೆ. ಗಡಿ ದಾಟಿದ ದುಃಖಕ್ಕೆ ಒಂದು ರೇಟು, ಜಿಲ್ಲೆ ದಾಟಿದ ದುಃಖಕ್ಕೆ ಇನ್ನೊಂದು.

ಮುಂಡಗೋಡ ತಾಲೂಕನ್ನೇ ತಗೊಳ್ಳಿ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ಬಂದು, ತಪ್ಪಿಸಿಕೊಂಡು ಈ ಕಾಡು ಸೇರಿದವರ ಮಕ್ಕಳು ಸಿದ್ದಿಗಳು ಇಲ್ಲಿದ್ದಾರೆ. ಎಮ್ಮೆ ಹೊಡೆದುಕೊಂಡು ಮಹಾರಾಷ್ಟ್ರದ ಕಡೆಯಿಂದ ಬಂದ ಗೌಳಿಗಳಿದ್ದಾರೆ. ಲಂಬಾಣಿಗಳ ಹಳೆ ಕಥೆಯೇ ಎತ್ತಿನ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ತಿರುಗಿದ್ದು. ಇವರ ನಡುವೆ 1966ರಲ್ಲಿ ಟಿಬೆಟಿಯನ್ನರು ಬಂದರು. ಸೋಮವಾರದ ಸಂತೆಯಲ್ಲಿ ನಿಂತರೆ ಐದಾರು ಭಾಷೆ ಕಿವಿಗೆ ಬೀಳುತ್ತೆ, ಕೊನೆಗೆ ಎಲ್ಲರೂ ಮೆಣಸಿನಕಾಯಿ ರೇಟನ್ನು ಒಂದೇ ಕನ್ನಡದಲ್ಲಿ ಕೇಳುತ್ತಾರೆ. ಬಹುಸಂಸ್ಕೃತಿ ಅಂತ ಪುಸ್ತಕದಲ್ಲಿ ಓದುವಾಗ ಎಲ್ಲೋ ಲಂಡನ್ನು ಟೊರೊಂಟೊ ನೆನಪಾಗುತ್ತಿತ್ತು ನನಗೆ. ನಾನು ಹುಟ್ಟಿದಾಗಿನಿಂದ ಅದರೊಳಗೇ ತರಕಾರಿ ಚೀಲ ಹಿಡಿದು ನಿಂತಿದ್ದೆ. ಒಬ್ಬ ಸಿದ್ದಿ ಹಿರಿಯರಿಗೆ ಫಾರ್ಮಿನಂತೆ 'ಈ ಊರಿಗೆ ಬಂದ ವರ್ಷ' ಕೇಳಿದ್ದೆ. ಅವರು ಬಹಳ ಹೊತ್ತು ನಕ್ಕು, ನಿಮ್ಮ ಊರಿನವರು ಬಂದ ವರ್ಷ ಮೊದಲು ಬರೀರಿ, ಆಮೇಲೆ ನಮ್ಮದು ನೋಡೋಣ ಅಂದರು. ಖಾಲಿ ಬಿಟ್ಟೆ.

ಫೆಬ್ರುವರಿಯಲ್ಲಿ ಎರಡನೇ ಸುತ್ತಿಗೆ ತಾಂಡಾಕ್ಕೆ ಮತ್ತೆ ಹೋದೆವು. ಮೇಡಂ ನನ್ನ ಮಾತಿಗೆ ಬೆಲೆ ಕೊಟ್ಟು, ಹದಿನಾಲ್ಕನೇ ಪ್ರಶ್ನೆಯನ್ನು ನಿನಗೆ ಸರಿ ಕಂಡ ಹಾಗೆ ಬರಿ ಅಂದಿದ್ದರು. ಎರಡು ರಾತ್ರಿ ಕೂತು ಬರೆದೆ. ವಲಸೆ, ಗುಳೆ ಎರಡೂ ಶಬ್ದ ಬಿಟ್ಟೆ. ಮನೆಮಂದಿಯೆಲ್ಲ ಹೋಗುವವರನ್ನು ಹಿಡಿಯೋಕೆ ನನಗೆ ಹೊಳೆದದ್ದು ಇದು: "ಹೋದ ದೀಪಾವಳಿಯಿಂದ ಈಚೆಗೆ ನಿಮ್ಮ ಮನೆಗೆ ಬೀಗ ಹಾಕಿ ಹೋಗಿದ್ದು ಇದೆಯಾ?" ನನಗೆ ನಾನೇ ಶಭಾಷ್ ಅಂದುಕೊಂಡೆ.

ತಾಂಡಾ ಬಿಕೋ ಅನ್ನುತ್ತಿತ್ತು. ಬಾವಿಕಟ್ಟೆ ಹತ್ತಿರ ನಾಲ್ಕು ಕೋಳಿ, ಒಂದು ನಾಯಿ. ನಮ್ಮ ಪಟ್ಟಿಯ ಮನೆಗಳಲ್ಲಿ ಮುಕ್ಕಾಲು ಪಾಲು ಖಾಲಿ. ಸರ್ವೇಗಳಲ್ಲಿ ಇದಕ್ಕೊಂದು ನಿಯಮ ಇರುತ್ತೆ, ನ್ಯಾಯವಾದ ನಿಯಮವೇ. ಎರಡು ಮೂರು ಸಲ ಹೋದರೂ ಬಾಗಿಲು ಹಾಕಿದ್ದರೆ 'ಮನೆ ಬೀಗ ಹಾಕಿದೆ' ಅಂತ ಕೋಡ್ ಬರೆದು, ಬದಲಿಗೆ ಇನ್ನೊಂದು ಮನೆ ತಗೊಳ್ಳಬಹುದು. ಇನ್ನೊಂದು ಮನೆ ಅಂದರೆ ಯಾರು? ಹೋಗದೆ ಉಳಿದವರು. ಹೀಗೆ ಹೋದವರನ್ನೆಲ್ಲ ಒಂದೊಂದಾಗಿ ತೆಗೆದು, ಉಳಿದವರನ್ನು ತುಂಬಿಸಿ, ಕೊನೆಗೆ ಈ ತಾಂಡಾದಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ ಅಂತ ಲೆಕ್ಕ ಕೊಡಬಹುದು, ಒಂದು ಸುಳ್ಳನ್ನೂ ಬರೆಯದೆ.

ಶ್ರಾವಣದಲ್ಲಿ ತೆನೆ ಸುಲಿಯುತ್ತಿದ್ದ ಅಕ್ಕನ ಮನೆ ಮುಂದೆ ನಿಂತೆ. ಬಾಗಿಲ ಮುಂದೆ ಒಣಗಿದ ಜಾಲಿ ಟೊಂಗೆ ಅಡ್ಡ ಬಿದ್ದಿತ್ತು. ಪಕ್ಕದ ಮನೆಗೂ ಹಾಗೇ, ಅದರಾಚೆಯದಕ್ಕೂ. ಯಾರೋ ಕಸ ಒಗೆದಿದ್ದಾರೆ ಅಂದುಕೊಂಡು ದಾಟೋಕೆ ಹೋಗಿ ಕಾಲಿಗೆ ಚುಚ್ಚಿಸಿಕೊಂಡೆ. ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದರು, ಏನು ಕೋಡ್ ಬರೆಯಲಿ, ಬೀಗ ಹಾಕಿದೆಯಾ ಇಲ್ಲವಾ? ಬೀಗ ಇರಲಿಲ್ಲ. ಚಿಲಕ ಸಹ ಸರಿಯಾಗಿ ಇರಲಿಲ್ಲ.

ಹಿಂದಿನ ಛಪ್ಪರದಲ್ಲಿ ಅತ್ತೆ ಇದ್ದರು, ಆ 'ಮುದಕಿ ಒಬ್ಬಾಕಿ'. ಎರಡು ಮೊಮ್ಮಕ್ಕಳನ್ನು ತೊಡೆ ಮೇಲೆ ಹಾಕಿಕೊಂಡು ಬೀಡಿ ಸೇದುತ್ತಿದ್ದರು. ಕೂತು, ನೀರು ಕುಡಿದು, ಕಾಲಿನ ಮುಳ್ಳು ಕಿತ್ತುಕೊಂಡು, ಹೊಸ ಹದಿನಾಲ್ಕನೇ ಪ್ರಶ್ನೆ ಕೇಳಿದೆ. ಅಮ್ಮಾ, ದೀಪಾವಳಿಯಿಂದ ಈಚೆಗೆ ಮನೆಗೆ ಬೀಗ ಹಾಕಿ ಹೋಗಿದ್ದಾರಾ?

"ಬೀಗ?" ಮುದುಕಿ ಬೀಡಿ ಬಾಯಿಂದ ತೆಗೆದರು. "ಬೀಗ ಯಾಕ ಹಾಕೂಣು ಯಪ್ಪಾ, ಒಳಗ ಏನೈತಿ? ಮಿಕ್ಸರ್ ಸೈತ ನನ್ನ ಹಂತ್ಯಾಕ ಇಟ್ಟು ಹೋಗ್ಯಾರ. ಆಡು ಹೊಕ್ಕಬಾರದಂತ ಕಂಟಿ ಬಡದ ಹೋಗತಾರ."

ಮೇಡಂ ಏನಂತೆ ಅಂದರು. ನಾನು ಫಾರ್ಮಿನಲ್ಲಿ 'ಬೀಗ' ಅನ್ನುವುದನ್ನು ಹೊಡೆದು ಹಾಕಿ ಮೇಲೆ 'ಕಂಟಿ' ಅಂತ ಬರೆದೆ.